ಟಿವಿಯಲ್ಲಿ ಬಂದ ವಿಳಾಸ

ಕಕ್ಷಿದಾರರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದರಲ್ಲಿ ವಕೀಲಮ್ಮನನ್ನು ಮೀರಿಸುವವರಿರಲಿಲ್ಲ. ಗಂಡ ಎಷ್ಟೇ ಕೆದಕಿದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳ ಫೋನಿಗೆ ಮಾತ್ರ ಆ ಬುದ್ಧಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮಾವನವರು ಹಜಾರದಲ್ಲಿ ಗೆಳೆಯರೊಬ್ಬರ ಜೊತೆ ಚದುರಂಗ ಆಡುತ್ತಿದ್ದರು. ಟಿವಿಯಲ್ಲಿ ಮನೆಯ ಫೋಟೊಗಳು ಒಂದೊಂದಾಗಿ ಬರುತ್ತಿದ್ದವು. ಮಗಳ ಹಲ್ಲಿಲ್ಲದ ನಗು, ಸಮುದ್ರದಂಡೆ, ಅದರ ಬೆನ್ನಿಗೇ ಒಂದು ಬಾಡಿಗೆ ಕರಾರು ಪತ್ರ.

"ಇದು ಬೇಕರಿ ಹಿಂದಿನ ಬೀದಿ ಅಲ್ವಾ? ಯಾರದಮ್ಮ ಈ ಮನೆ?" ಎಂದರು ಪತ್ರದಲ್ಲಿದ್ದ ವಿಳಾಸ ಓದಿದ ಗೆಳೆಯರು.

ವಕೀಲಮ್ಮ ಒಳಗಿನಿಂದ ಓಡಿ ಬಂದು ಟಿವಿಯ ಪ್ಲಗ್ಗನ್ನೇ ಕಿತ್ತಳು. ಅದು ಅವಳ ಕಕ್ಷಿದಾರಳಾದ ಹೊಲಿಗೆ ಕೆಲಸದ ಹೆಂಗಸಿನ ಪತ್ರ. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು; ಈಗ ಎಲ್ಲಿದ್ದಾಳೆಂಬುದು ಅವನಿಗೆ ತಿಳಿದರೆ ಅವಳ ಜೀವಕ್ಕೇ ಸಂಚಕಾರ. ಶುಕ್ರವಾರ ಅವಸರದಲ್ಲಿ ಪತ್ರವನ್ನು ತನ್ನ ಫೋನಿನಲ್ಲಿ ಸೆರೆಹಿಡಿದವಳು ವಕೀಲಮ್ಮನೇ. ಮಗಳು ಹುಟ್ಟಿದಾಗ, ಫೋನಿನ ಫೋಟೊಗಳೆಲ್ಲ ತಾವಾಗಿ ಟಿವಿಗೆ ಹೋಗಲಿ ಎಂದು ಏರ್ಪಾಡು ಮಾಡಿ ಮರೆತವಳೂ ಅವಳೇ.

"ನಾಳೆಗೆ ಅವರು ಮರೆತೇ ಹೋಗ್ತಾರೆ. ನೀನಾಗಿ ಆ ಹೆಂಗಸಿಗೆ ಹೇಳಿದ್ರೆ ಕೇಸೂ ಹೋಗತ್ತೆ, ಹೆಸರೂ ಹೋಗತ್ತೆ," ಎಂದ ಗಂಡ.

"ಮರೀತಾರೆ ಅಂತ ಬರೆದುಕೊಡ್ತೀರಾ? ಅವನು ಬಂದು ಬಾಗಿಲು ತಟ್ಟಿದ್ರೆ ತೆಗೆಯೋಳು ಅವಳು ಕಣ್ರೀ, ನಾವಲ್ಲ."

ಸಂಜೆಯೇ ಹೆಂಗಸನ್ನು ಕಚೇರಿಗೆ ಕರೆಸಿ ಏನನ್ನೂ ಮುಚ್ಚಿಡದೆ ಹೇಳಿದಳು. ಫೋಟೊ ಅಳಿಸಿಯಾಗಿದೆ, ಟಿವಿಯ ನಂಟು ಕಡಿದಾಗಿದೆ, ಆ ಹಿರಿಯರು ಬಾಯಿಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಆದರೂ ತಪ್ಪು ನನ್ನದೇ, ಬೇರೆ ವಕೀಲರು ಬೇಕೆಂದರೆ ಈಗಲೇ ಕಡತ ಒಪ್ಪಿಸುತ್ತೇನೆ ಎಂದಳು.

ಹೆಂಗಸು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ನಂಗೆ ತುಂಬಾ ಸಿಟ್ಟು ಬಂದಿದೆ ವಕೀಲಮ್ಮ."

"ಬರಲೇಬೇಕು."

"ಇವತ್ತು ಗೆಳತಿ ಮನೇಲಿರ್ತೀನಿ. ಬೇರೆ ಮನೆ ನೀವೇ ಹುಡುಕಿಕೊಡ್ಬೇಕು."

"ಖಂಡಿತ."

ವಕೀಲಮ್ಮ ಕಡತವನ್ನು ಅವಳತ್ತ ಸರಿಸಿದಳು. ಹೆಂಗಸು ಅದನ್ನು ವಾಪಸ್ ತಳ್ಳಿದಳು.

"ಹದಿನಾಲ್ಕು ವರ್ಷ ಸಂಸಾರ ಮಾಡಿದೆ. ಕೈ ಮುರಿದಾಗ್ಲೂ ನಿಂದೇ ತಪ್ಪು ಅಂದ. ನನ್ನೆದುರಿಗೆ ಕೂತು ತಪ್ಪು ನಂದು ಅಂದೋರು ನೀವೇ ಮೊದಲು."

ಹೆಂಗಸು ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನಾಳೆ ಕೈ ಮುರಿದಾಗಿನ ಆಸ್ಪತ್ರೆ ಕಾಗದಾನೂ ತರ್ತೀನಿ. ಅದನ್ನ ಇಲ್ಲೀವರೆಗೆ ಯಾರಿಗೂ ತೋರಿಸಿಲ್ಲ."