ಅರ್ಧಕ್ಕೆ ನಿಂತ ಡೊಳ್ಳಿನ ಪದ

"ಹತ್ತು ಮಿನಿಟಿನ್ಯಾಗ ದೇವರನ್ನ ಕರದು, ಕುಂದರಿಸಿ, ತಿರುಗಿ ಕಳಸೂದು ಹ್ಯಾಂಗೋ ತಮ್ಮಾ?" ಅಂಗಿಯ ಮೇಲೆ ಕಂಬಳಿ ಹೊದ್ದುಕೊಳ್ಳುತ್ತಲೇ ಧೋಂಡಿಬಾ ಕೇಳಿದ. ಮಗ ಕೇದಾರಿ ರಿಸಾರ್ಟಿನ ಅಂಗಳದ ಕಡೆ ನೋಡಿದ.

ಕೊಲ್ಹಾಪುರದ ಹೊರಗಿನ ಆ ರಿಸಾರ್ಟಿನಲ್ಲಿ ಎಲ್ಲವೂ ಹಳ್ಳಿಯಂತೆಯೇ ಇತ್ತು, ಸಗಣಿ ವಾಸನೆಯೊಂದನ್ನು ಬಿಟ್ಟು. ಮಣ್ಣಿನ ಗೋಡೆ, ಕುಡಿಕೆಯಲ್ಲಿ ಬೆಲ್ಲದ ಚಹಾ, ಪ್ಲಾಸ್ಟಿಕ್ ತರಬಾರದೆಂಬ ಫಲಕ. ಪುಣೆ, ದಿಲ್ಲಿಯಿಂದ ಬಂದ ಪ್ರವಾಸಿಗರು ಹಾಸಿದ ಕಂಬಳಿಗಳ ಮೇಲೆ ಕಾಲು ಮಡಚಲು ಹೆಣಗಾಡುತ್ತಿದ್ದರು. ವ್ಯವಸ್ಥಾಪಕ ಅವಿನಾಶ ಗಡಹಿಂಗ್ಲಜದವ, ಕನ್ನಡ ಬಲ್ಲವ. ಹತ್ತು ನಿಮಿಷ ಚೆನ್ನಾಗಿ ನಡೆದರೆ ಪ್ರತಿ ರವಿವಾರ ಇದೇ ಮೇಳ ಎಂದಿದ್ದ. ಕೇದಾರಿಗೆ ಆ ರವಿವಾರಗಳು ಬೇಕೇ ಬೇಕಿದ್ದವು. ಊರಿನಲ್ಲಿ ಪದ ಕಲಿಯಲು ಯಾರೂ ಬರುತ್ತಿರಲಿಲ್ಲ. ನಾಲ್ಕು ಮಂದಿ ಮೆಚ್ಚಿದ್ದನ್ನು ಕಂಡರಾದರೂ ಬಂದಾರು ಎಂಬ ಆಸೆ ಅವನದು.

ಅಪ್ಪನ ಸಂಕಟವೂ ಅವನಿಗೆ ಗೊತ್ತಿತ್ತು. ಈ ಕುರುಬರ ಮೇಳದಲ್ಲಿ ಬೀರದೇವರನ್ನು ಪದ ಹೇಳಿ ಕರೆದರೆ ಪದ ಹೇಳಿಯೇ ಗುಡಿಗೆ ಮುಟ್ಟಿಸಬೇಕು. ನಡುವೆ ಬಿಟ್ಟು ಏಳುವಂತಿಲ್ಲ. ಬಿಟ್ಟರೆ ಏನಾಗುತ್ತದೆಂದು ಸಣ್ಣವನಿದ್ದಾಗ ಕೇಳಿದ್ದಕ್ಕೆ, "ಯಾರೂ ಬಿಟ್ಟಿಲ್ಲ, ಯಾರಿಗ ಗೊತ್ತು?" ಎಂದಿದ್ದ ಅಪ್ಪ. ಆ ಕುತೂಹಲ ಕೇದಾರಿಯನ್ನು ಇನ್ನೂ ಕಾಡುತ್ತಿತ್ತು.

ಮೇಳದ ಸಾತಪ್ಪನ ಡೊಳ್ಳು ಶುರುವಾಯಿತು. ಧೋಂಡಿಬಾ ಒಂದು ಸಾಲು ಎತ್ತಿದರೆ ಹಿಮ್ಮೇಳದಲ್ಲಿ ಕೇದಾರಿ ಅದನ್ನು ತಿರುಗಿ ಹಾಡಬೇಕು, ಆಮೇಲೆಯೇ ಮುಂದಿನ ಸಾಲು. ಪದದಲ್ಲಿ ದೇವರು ಕುದುರೆ ಏರಿದ, ಗುಡ್ಡ ಇಳಿದ, ಪ್ರವಾಸಿಗರ ನಡುವೆಯೇ ಬಂದು ಕುಳಿತ. ಜನ ಮೊಬೈಲು ಕೆಳಗಿಟ್ಟು ಕೇಳತೊಡಗಿದ್ದರು. ಅಷ್ಟರಲ್ಲಿ ಅವಿನಾಶ ಕೈಯೆತ್ತಿದ.

"ಬಸ್, ಕೇದಾರಿ, ಬಸ್! ಊಟ ತಯಾರೈತಿ."

ಅಪ್ಪ ಹಿಡಿದ ಸಾಲು ಮುಗಿಸಿ ಮಗನ ಮುಖ ನೋಡಿದ. ಕೇದಾರಿ ಬಾಯಿ ತೆರೆಯಲಿಲ್ಲ. ಡೊಳ್ಳು ನಿಂತಿತು, ಚಪ್ಪಾಳೆ ಬಿತ್ತು, ಎಲ್ಲರೂ ಊಟಕ್ಕೆದ್ದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟೇನಾ ಎಂದುಕೊಂಡ ಕೇದಾರಿ.

ಸಂಜೆ ಊರಿಗೆ ಹೊರಟವರ ಟೆಂಪೋ ಬಿದ್ರಿಯ ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಟೆಂಪೋ ಓಡಿಸುತ್ತಿದ್ದ ಕೇದಾರಿ ಎಂಜಿನ್ ಆರಿಸಿದಾಗ ಹಿಂದೆ ಕುಳಿತಿದ್ದ ಅಪ್ಪ ಏನೋ ಗೊಣಗುವುದು ಕೇಳಿಸಿತು. ಬೈಯುತ್ತಿದ್ದಾನೇನೋ ಎಂದು ಕಿವಿಗೊಟ್ಟ. ಬೈಗುಳವಲ್ಲ, ಪದ. ಅವರು ನಿಲ್ಲಿಸಿದ್ದ ಅದೇ ಸಾಲು. ಅಪ್ಪ ಅದನ್ನು ಹಾಡುತ್ತಿದ್ದ, ಸ್ವಲ್ಪ ಕಾಯುತ್ತಿದ್ದ, ಮತ್ತೆ ಅದನ್ನೇ ಹಾಡುತ್ತಿದ್ದ. ಹಿಮ್ಮೇಳವಿಲ್ಲದೆ ಮುಂದೆ ಹೋಗಲು ಅವನಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನದಿಂದ ಅಪ್ಪ ಆ ಸಾಲಿನಲ್ಲಿಯೇ ನಿಂತಿದ್ದ.

ಫೋನು ಬಂತು. ಅವಿನಾಶ. "ರವಿವಾರ ಪಕ್ಕಾ! ಮಂದಿಗೆ ಭಾಳ ಸೇರೇತಿ. ಅದ ಹತ್ತು ಮಿನಿಟು, ಏನು?"

"ಆಗೂದಿಲ್ರಿ, ಸಾಹೇಬ್ರ. ಹಾಡಿದ್ರ ಪೂರ್ತಿ ಹಾಡ್ತೇವಿ. ಇಲ್ಲಾಂದ್ರ ಬರೂದಿಲ್ಲ."

"ಪೂರ್ತಿ ಅಂದ್ರ ಎಷ್ಟೊತ್ತು ಆಗತೈತಿ?"

"ಏನ್ ಹೇಳ್ಲಿ? ಇವತ್ತಿನ ಪದಾನ ಇನ್ನಾ ಮುಗದಿಲ್ರಿ."

ಫೋನನ್ನು ಸೀಟಿನ ಮೇಲೆ ಹಾಕಿ, ಕಿಟಕಿಯಿಂದ ತಲೆ ಹೊರಗೆ ಚಾಚಿ, ಕೇದಾರಿ ಆ ಸಾಲನ್ನು ಎತ್ತಿ ಹಾಡಿದ. ಹಿಂದೆ ಅಪ್ಪನ ದನಿ ಮುಂದಿನ ಸಾಲಿಗೆ ಸರಿಯಿತು. ಸಾತಪ್ಪ ಬೆರಳಿನಲ್ಲೇ ಡೊಳ್ಳು ತಟ್ಟತೊಡಗಿದ.

ಟ್ರ್ಯಾಕ್ಟರುಗಳು ಸರಿದು ಮುಂದೆ ದಾರಿ ಬಿಟ್ಟವು. ಹಿಂದಿನ ಗಾಡಿಯವರು ಒಂದೇ ಸಮನೆ ಹಾರ್ನ್ ಹೊಡೆದರು. ಕೇದಾರಿ ಎಂಜಿನ್ ಚಾಲು ಮಾಡಲಿಲ್ಲ. ಪದದಲ್ಲಿ ಬೀರದೇವರು ಈಗಷ್ಟೇ ಎದ್ದು ನಿಂತಿದ್ದ. ಗುಡಿ ಇನ್ನೂ ದೂರವಿತ್ತು.