ಗುಡಿ ತೋಪಿನ ಹರಾಜು

ಅತ್ತೆ ಮುಂದೆ ಗುಡಿಸುತ್ತಿದ್ದಳು. ನಾನು ಹಿಂದಿನಿಂದ ಸಗಣಿ ನೀರು ಚಿಮುಕಿಸುತ್ತಿದ್ದೆ. ಹುಣಸೆಯ ಒಣಗಿದ ಎಲೆ ಬಲು ಸಣ್ಣದು, ಪೊರಕೆಗೆ ಸುಲಭಕ್ಕೆ ಸಿಗುವುದಿಲ್ಲ. ನಡು ಬಗ್ಗಿಸಿ ನೆಲಕ್ಕೆ ಒತ್ತಿ ಎಳೆಯಬೇಕು. ಅತ್ತೆ ಒತ್ತಿ ಒತ್ತಿ ಎಳೆದಳು. ಅವತ್ತು ಅವಳು ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟಿದ್ದಳು. ಮಾರಮ್ಮನ ಗುಡಿಯ ಅಂಗಳ ಗುಡಿಸುವುದು ನಮ್ಮ ಕೇರಿಯ ಕೆಲಸ. ಗುಡಿಸಿ ಸಾರಿಸಿದ ಮೇಲೆ ಆ ಅಂಗಳಕ್ಕೆ ನಾವು ಕಾಲಿಡುವಂತಿಲ್ಲ.

ಪೂಜಾರಿ ಶಿವಯ್ಯ ಗುಡಿಯ ಮೆಟ್ಟಿಲ ಮೇಲೆ ಬಂದು ನಿಂತ.

"ಆತೇನ್ರೇ? ಆದ್ರೆ ದೂರ ಸರೀರಿ. ಹರಾಜಿಗೆ ಗೌಡ್ರು ಬರೋ ಹೊತ್ತಾತು."

"ಇವತ್ತು ನಾವೂ ಕೂಗ್ತೀವಿ ಸ್ವಾಮಿ," ಎಂದಳು ಅತ್ತೆ.

"ಏನ್ ಕೂಗ್ತೀರೇ? ಉಪ್ಪು, ಸೀಗೆಕಾಯಾ?"

"ತೋಪು."

ಶಿವಯ್ಯ ನಗುತ್ತ ಒಳಗೆ ಹೋದ. ಒಳಗೂ ನಗುತ್ತಿದ್ದದ್ದು ಕೇಳಿಸಿತು.

ಅತ್ತೆಯ ಹೆಸರು ಹನುಮಮ್ಮ, ನನ್ನ ಅಪ್ಪನ ತಂಗಿ. ಗಂಡ ಮಾರಿಕಣಿವೆ ನಾಲೆಯ ಕೆಲಸದಲ್ಲಿ ಮಣ್ಣು ಕುಸಿದು ಸತ್ತ ಮೇಲೆ ನಮ್ಮ ಗುಡಿಸಲಿಗೇ ಬಂದಿದ್ದಳು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅವಳ ಹಿಂದೆ ಹುಣಸೆ ಕುಟ್ಟಲು ಹೋದವಳು. ಗುಡಿಯ ಹುಣಸೆ ತೋಪಿನ ಫಸಲನ್ನು ಪ್ರತಿ ವರ್ಷ ಹರಾಜಿನಲ್ಲಿ ಓಬಳೇಶಪ್ಪ ಗೌಡನೇ ಹಿಡಿಯುತ್ತಿದ್ದ. ನಮ್ಮ ಗಂಡಸರು ಮರ ಹತ್ತಿ ಬಡಿಯುತ್ತಿದ್ದರು. ನಾವು ಆಯ್ದು, ಸಿಪ್ಪೆ ತೆಗೆದು, ನಾರು ಬಿಡಿಸಿ, ಬೀಜ ಕುಟ್ಟುತ್ತಿದ್ದೆವು. ಹಣ್ಣಿನ ಹುಳಿಗೆ ಬೆರಳ ಸಂದಿ ಬಿರಿದು ಉಣ್ಣುವಾಗ ಉರಿಯುತ್ತಿತ್ತು. ಕೂಲಿಗೆ ಹಳೇ ಜೋಳ.

ಹಿಂದಿನ ಮಳೆಗಾಲದಲ್ಲಿ ಗ್ರಾಮಸೇವಕಿ ಚಂದ್ರಕ್ಕ ಸೈಕಲ್ಲು ತಳ್ಳಿಕೊಂಡು ಕೇರಿಗೆ ಬಂದಿದ್ದರು. ನಮ್ಮ ಚಾಪೆಯ ಮೇಲೆಯೇ ಕುಂತರು. "ಒಂದು ಸಂಘ ಕಟ್ಕಳ್ರಿ, ನಿಮ್ ದುಡಿಮೆ ನಿಮ್ಗೇ ಆಗ್ತತೆ," ಎಂದರು. ಉಳಿದವರು ಆ ಮಾತನ್ನು ಅವರ ಸೈಕಲ್ಲಿನ ಜೊತೆಗೇ ಕಳಿಸಿಬಿಟ್ಟರು. ಅತ್ತೆ ಇಟ್ಟುಕೊಂಡಳು. ಮನೆ ಮನೆಗೆ ಹೋದಳು. ತೋಪು ನಾವೇ ಹಿಡಿಯಲು ದುಡ್ಡು ಕೂಡಬೇಕೆಂದು ಕೋಳಿ ಮಾರಿಸಿದಳು, ಕಾಲುಂಗುರ ಮಾರಿಸಿದಳು. ಹಣ್ಣನ್ನು ಹಿರಿಯೂರು ಸಂತೆಗೆ ನಾವೇ ಹೊರುವುದು, ಬೀಜವನ್ನು ಕಂಬಳಿ ನೇಯುವವರಿಗೆ ಗಂಜಿಗೆ ಕೊಡುವುದು ಎಂದೆಲ್ಲ ಮಾತಾಯಿತು. ಮುದುಕಿ ಬೊಮ್ಮಕ್ಕ, "ನಾನು ಸತ್ರೆ ಸಂಘದೋರೇ ಹೊರಬೇಕು, ಗಂಡಸ್ರು ಕುಡ್ದು ದಾರ್ಯಾಗೆ ಕೆಡವ್ತಾರೆ," ಎಂದು ಸೇರಿಕೊಂಡಳು.

ಹರಾಜು ನಡೆಯುವುದು ಟವಲಿನ ಮರೆಯಲ್ಲಿ. ದಲ್ಲಾಳಿ ಚಿಕ್ಕತಿಮ್ಮಪ್ಪ ಕೈ ಮೇಲೆ ಟವಲು ಹೊದ್ದು ಕುಂತಿರುತ್ತಾನೆ. ಹಿಡಿಯುವವರು ಒಬ್ಬೊಬ್ಬರೇ ಬಂದು ಅದರೊಳಗೆ ಕೈ ಇಟ್ಟು, ಅವನ ಬೆರಳು ಅದುಮಿ ತಮ್ಮ ಬೆಲೆ ತಿಳಿಸಬೇಕು. ಯಾರ ಬೆಲೆ ಎಷ್ಟೆಂದು ಮತ್ತೊಬ್ಬರಿಗೆ ತಿಳಿಯುವುದಿಲ್ಲ. ಬೆರಳಿನ ಆ ಲೆಕ್ಕವನ್ನು ಅತ್ತೆ ದನದ ಜಾತ್ರೆಯಲ್ಲಿ ದೂರದಿಂದ ನೋಡಿ ನೋಡಿ ಕಲಿತಿದ್ದಳು. ಹಳ್ಳದ ಬಳಿ ನನ್ನ ಕೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡು ಕಲಿಸಿದ್ದಳು. "ಇದು ನೂರು, ಇದು ಐವತ್ತು. ನಗಬ್ಯಾಡ, ನಕ್ರೆ ಗಿರಾಕಿ ಕೆಡ್ತತೆ," ಎನ್ನುತ್ತಿದ್ದಳು. ನನಗೆ ಕಚಗುಳಿಯಾಗಿ ನಗು ತಡೆಯಲಾಗುತ್ತಿರಲಿಲ್ಲ.

ಗೌಡ ಬಂದ. ಹಿರಿಯೂರಿನ ಇಬ್ಬರು ವ್ಯಾಪಾರಿಗಳು ಬಂದರು. ಒಬ್ಬೊಬ್ಬರೇ ಟವಲಿನೊಳಗೆ ಕೈ ಇಟ್ಟು ಎದ್ದರು. ನಾವು ಸಂಘದ ಹೆಂಗಸರು ಅಂಗಳದ ಹೊರಗೆ ನಿಂತಿದ್ದೆವು.

"ನಮ್ದೂ ಐತೆ," ಎಂದಳು ಅತ್ತೆ.

ಚಿಕ್ಕತಿಮ್ಮಪ್ಪ ಅವಳ ಕೈ ನೋಡಿದ. ಆಮೇಲೆ ತನ್ನ ಟವಲು ನೋಡಿದ.

"ಏನೇ, ಈ ಟವಲು ಹೊದ್ಕಂಡು ನಾನು ಮನೆಗೆ ಹೋಗಬ್ಯಾಡವಾ? ಬಾಯಲ್ಲೇ ಹೇಳು."

"ಎಲ್ರದೂ ಗುಟ್ಟು. ನಮ್ದ್ಯಾಕೆ ಬಾಯಾಗೆ?"

"ನಿಂದೇನು ಗುಟ್ಟೇ ಮುಂಡೆ," ಎಂದ ಗೌಡ. "ಗಂಡ ಇಲ್ಲ, ಮನೆ ಇಲ್ಲ. ಹೇಳ್ತೀಯೋ, ಎದ್ದು ಹೋಗಾಣೋ?"

ಎಲ್ಲರೂ ನಕ್ಕರು. ಅತ್ತೆ ತಿರುಗಿ ನಮ್ಮನ್ನು ನೋಡಿದಳು. ಹೇಳಬೇಡ ಎನ್ನಬೇಕೆಂದು ನನಗೆ ಅನಿಸಿತು, ಬಾಯಿ ಬರಲಿಲ್ಲ. ಅತ್ತೆ ನಮ್ಮ ಬೆಲೆಯನ್ನು ಗಟ್ಟಿಯಾಗಿ ಕೂಗಿ ಹೇಳಿದಳು. ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ನಮ್ಮದೇ ಹೆಚ್ಚೆಂದು ಅದರಲ್ಲೇ ತಿಳಿಯಿತು.

ಗೌಡ ಎದ್ದು ಹೋಗಿ ಟವಲಿನೊಳಗೆ ಇನ್ನೊಮ್ಮೆ ಕೈ ಇಟ್ಟ.

"ಗೌಡ್ರಿಗೇ ಆತು," ಎಂದ ಚಿಕ್ಕತಿಮ್ಮಪ್ಪ. "ಒಂದು ರೂಪಾಯಿ ಮ್ಯಾಲೆ."

"ಅವ್ರು ಎಲ್ಡು ಸಲ ಕೈ ಇಟ್ರು!" ಅತ್ತೆ ಕೂಗಿದಳು.

"ನೀನೂ ಇಡೇ. ಯಾವನಾದ್ರೂ ಹಿಡ್ಕಂಡ್ರೆ," ಎಂದ ಚಿಕ್ಕತಿಮ್ಮಪ್ಪ.

ನಾವು ಕೇರಿಗೆ ಹೊರಟೆವು. ಹಳ್ಳದ ಬಳಿ ಬೊಮ್ಮಕ್ಕ ಕೇಳಿದಳು, "ಇನ್ನೇನ್ ಮಾಡಾಣೇ ಹನುಮಿ?"

"ಬಡಿಯಾಕೆ ಬಿಡಬಾರ್ದು," ಎಂದಳು ಅತ್ತೆ.

ನಮ್ಮ ಕಡೆ ಒಂದು ಕಟ್ಟುಪಾಡಿದೆ. ಹುಣಸೆ ಬಡಿಯುವವನು ಮರ ಹತ್ತಿದ ಮೇಲೆ "ಅಡಿಯಾಗೆ ಯಾರು?" ಎಂದು ಕೂಗಬೇಕು. ಕೆಳಗಿನವರು "ಯಾರೂ ಇಲ್ಲ" ಎಂದ ಮೇಲೆಯೇ ಬಡಿಯುವ ಬಿದಿರು ಗಳ ಎತ್ತಬೇಕು. ಮನುಷ್ಯರು ಅಡಿಯಲ್ಲಿರುವಾಗ ಬಡಿದರೆ ಆ ಮರ ಮತ್ತೆ ಕಾಯಿ ಬಿಡುವುದಿಲ್ಲವಂತೆ. ಹಣ್ಣು ಕೆಂಪಾದ ಕಾಲಕ್ಕೆ ಸಂಘದ ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು, ರೊಟ್ಟಿ ಕಟ್ಟಿಕೊಂಡು ತೋಪಿಗೆ ಹೋಗಿ ಒಂದೊಂದು ಮರದ ಅಡಿ ಕುಂತೆವು. ಮರ ಹತ್ತಿದ ಗಂಡಸರು ನಮ್ಮವರೇ.

"ಅಡಿಯಾಗೆ ಯಾರು?"

"ನಾವಿದೀವಿ!"

ಹೆಂಗಸರಿಗೆ ಅದೊಂದು ಆಟವಾಯಿತು. ಬೊಮ್ಮಕ್ಕ ತನ್ನ ಮೊಮ್ಮಗನಿಗೆ, "ಬ್ಯಾರೆ ಯಾರೂ ಇಲ್ಲ ಕಣಪ್ಪ, ನಿನ್ ಅಜ್ಜಿ ಅವಳೆ. ಇಳ್ದು ಬಂದು ರೊಟ್ಟಿ ತಿನ್ನು," ಎಂದು ಕೂಗಿದಳು. ಮೇಲಿದ್ದವರೂ ನಕ್ಕು ಇಳಿದರು. ಒಂದು ವಾರ ಒಂದು ಗಳವೂ ಏಳಲಿಲ್ಲ. ಅತ್ತೆ ಮರದಿಂದ ಮರಕ್ಕೆ ಓಡಾಡಿ, ಅಳುವ ಮಕ್ಕಳನ್ನು ಎತ್ತಿಕೊಂಡು, ಏಳಬೇಡಿ, ಏಳಬೇಡಿ ಎನ್ನುತ್ತಿದ್ದಳು. ಅವಳು ಅಷ್ಟು ನಗುವುದನ್ನು ನಾನು ಮೊದಲು ಕಂಡಿರಲಿಲ್ಲ.

ಆಮೇಲೆ ಗೌಡನೇ ತೋಪಿಗೆ ಬಂದ. ನನ್ನ ಅಪ್ಪ ಕರಿಯಣ್ಣ ಅವನ ಮನೆಯ ಜೀತದಾಳು. ಅಪ್ಪನನ್ನು ಹಿಂದೆ ಕರೆತಂದಿದ್ದ. ಅತ್ತೆ ಕುಂತಿದ್ದ ಮರವನ್ನೇ ಬೆರಳಲ್ಲಿ ತೋರಿಸಿದ.

"ಹತ್ತಲೇ."

ಅಪ್ಪ ಹತ್ತಿದ. ಗಳ ಹಿಡಿದು, ಕೊಂಬೆಯ ಮೇಲೆ ನಿಂತು ಕೂಗಿದ, "ಅಡಿಯಾಗೆ ಯಾರು?"

"ನಾನು ಕಣಣ್ಣ."

ಅಪ್ಪ ಗಳ ಇಳಿಸಿದ.

"ಕೇಳಿದ್ದು ಸಾಕು, ಬಡಿಯಲೇ ಬೋಸುಡಿಮಗ್ನೆ," ಎಂದ ಗೌಡ. "ಇಲ್ಲಾಂದ್ರೆ ಇವತ್ತೇ ನಿನ್ ಗುಡಿಸ್ಲು ಕಿತ್ತು ಹಳ್ಳಕ್ಕೆ ಹಾಕಿಸ್ತೀನಿ. ಅದು ನನ್ ಜಾಗ."

"ತಂಗಿ ಅವಳೆ ಗೌಡ್ರೇ."

"ತಂಗಿ ಎದ್ದೋಗ್ತಾಳೆ. ನೀನು ಬಡಿ."

ಅಪ್ಪ ಬಡಿದ. ಮೊದಲು ಎಲೆಗಳನ್ನಷ್ಟೇ ಸವರುವಂತೆ ಬಡಿದ. ಗೌಡ ಬಯ್ದ. ಅಪ್ಪ ಅಳುತ್ತ ಗಟ್ಟಿಯಾಗಿ ಬಡಿದ. ಹುಣಸೆಕಾಯಿ ಅತ್ತೆಯ ತಲೆಯ ಮೇಲೆ, ಬೆನ್ನ ಮೇಲೆ ಉದುರಿದವು. ಅವಳು ಸೆರಗು ಹೊದ್ದು ಬಗ್ಗಿ ಕುಂತಳು, ಏಳಲಿಲ್ಲ. "ಅತ್ತೇ, ಬಾರೇ," ಎಂದೆ. ಅದು ನನಗೇ ಕೇಳಿಸಲಿಲ್ಲ. ಆಮೇಲೆ ಒಣಗಿದ ಕೊಂಬೆಯೊಂದು ಮುರಿದ ಸದ್ದು ಕೇಳಿಸಿತು. ಅದು ಅವಳ ನಡುವಿನ ಮೇಲೆ ಬಿತ್ತು.

ಅಪ್ಪ ಮರದಿಂದ ಇಳಿಯಲಿಲ್ಲ, ಬಿದ್ದ. ಎದ್ದು ಬಂದು ಕೊಂಬೆ ಎಳೆದ. ಅತ್ತೆ ಅವನ ಮುಖ ನೋಡಿ, "ನಿಂಗೇನಾತಣ್ಣ?" ಎಂದಳು.

ಗುಡಿಸಲಿನ ಬಾಗಿಲು ಕಿತ್ತು ಅದರ ಮೇಲೆ ಹೊತ್ತು ತಂದೆವು. ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಮರುದಿನ ಜ್ವರ ಏರಿತು. ಹಿರಿಯೂರು ಆಸ್ಪತ್ರೆಗೆಂದು ಅಪ್ಪ ಬಂಡಿ ಕೇಳಲು ಊರೊಳಗೆ ಹೋದ. ಒಬ್ಬರ ಎತ್ತಿಗೆ ಕಾಲು ನೋವು, ಒಬ್ಬರ ಬಂಡಿಯ ಅಚ್ಚು ಮುರಿದಿತ್ತು. ಗೌಡನ ಬಾಗಿಲಲ್ಲಿ, "ಬಂಡಿ ತೊಳ್ಯಾಕೆ ನಮ್ತಾವ ನೀರಿಲ್ಲ," ಎಂದರು. ಹೊತ್ತು ನಡೆಯೋಣವೆಂದರೆ ಬಾಗಿಲು ಅಲುಗಿದಾಗಲೆಲ್ಲ ಅತ್ತೆ ಕೂಗುತ್ತಿದ್ದಳು. ಹೆಂಗಸರು ತೋಪಿಗೆ ಹೋಗಲಿಲ್ಲ. ಗಳದ ಸದ್ದು ಕೇರಿಯವರೆಗೂ ಕೇಳಿಸುತ್ತಿತ್ತು.

ಮೂರನೇ ದಿನ ಊರಿಗೆ ಜೀಪು ಬಂತು. ಅದು ಮಹಿಳಾ ವರ್ಷವಂತೆ, ಎಪ್ಪತ್ತೈದು. ಸ್ಕೂಲಿನ ಮುಂದೆ ಚಪ್ಪರ ಹಾಕಿದ್ದರು. ಹಳ್ಳಿಯ ಹೆಂಗಸರ ಸಂಘ ನೋಡಲು ಜಿಲ್ಲೆಯಿಂದ ಸಾಹೇಬರು ಬಂದಿದ್ದರು. ಫೋಟೋದಲ್ಲಿ ಜನ ಕಾಣಬೇಕೆಂದು ಕೇರಿಯವರನ್ನೂ ಕರೆಸಿ ಹಿಂದೆ ಕೂರಿಸಿದರು. ಬೊಮ್ಮಕ್ಕನನ್ನು ಅತ್ತೆಯ ಬಳಿ ಬಿಟ್ಟು ನಾನೂ ಹೋದೆ. ಜೀಪು ನೋಡಬೇಕಿತ್ತು.

ಸಂಘದ ಅಧ್ಯಕ್ಷೆ ಎಂದು ಗೌಡನ ಹೆಂಡತಿ ಪಾರ್ವತಮ್ಮನನ್ನು ಕರೆದು ಮಾಲೆ ಹಾಕಿದರು. ಮುಂದೆ ಮೇಜಿನ ಮೇಲೆ ಹುಣಸೆಹಣ್ಣಿನ ಉಂಡೆಗಳನ್ನು ಜೋಡಿಸಿದ್ದರು. ಪಾರ್ವತಮ್ಮ ಹಿಂದೆ ಕುಂತ ನಮ್ಮನ್ನು ನೋಡಿದಳು. ಅವಳ ಕೈ ಮಾಲೆ ತೆಗೆಯುವಂತೆ ಕುತ್ತಿಗೆಗೆ ಹೋಯಿತು. ಗೌಡ ಕೆಮ್ಮಿದ. ಕೈ ಕೆಳಗಿಳಿಯಿತು. ಗ್ರಾಮಸೇವಕಿ ಚಂದ್ರಕ್ಕ ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದರು, ಕಾಗದದಿಂದ ತಲೆ ಎತ್ತಲಿಲ್ಲ.

"ಇಂಥ ತಾಯಂದಿರೇ ನಾಡಿಗೆ ದಾರಿ ತೋರಿಸುವವರು," ಎಂದರು ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಹಿಂದೆ ಕುಂತಿರೋರು ಯಾರಾದ್ರೂ ಎರಡು ಮಾತಾಡ್ರಮ್ಮ. ಹೆದರಬೇಡಿ."

ಯಾರೂ ಏಳಲಿಲ್ಲ. ನಾನು ಎದ್ದೆ. ಸಾಹೇಬರು ನಗುತ್ತ, "ಭೇಷ್, ಗಟ್ಟಿಯಾಗಿ ಹೇಳಮ್ಮ," ಎಂದರು. ಗೌಡ ತಿರುಗಿ ನೋಡಿದ.

"ಸ್ವಾಮಿ, ಸಂಘ ಕಟ್ಟಿದ್ದು ನಮ್ಮತ್ತೆ," ಎಂದೆ. "ಸೊಂಟ ಮುರ್ದು ಮನ್ಯಾಗೆ ಬಿದ್ದವಳೆ."

ಸಾಹೇಬರು ಗೌಡನ ಕಡೆ ನೋಡಿದರು. ಗೌಡ ಚಂದ್ರಕ್ಕನ ಕಡೆ ನೋಡಿದ. ಚಂದ್ರಕ್ಕ ಕಾಗದ ಮಡಚಿದರು. ಫೋಟೋದವನು ಪೆಟ್ಟಿಗೆ ಮುಚ್ಚಿದ. ಸಾಹೇಬರು ವಾಚು ನೋಡಿಕೊಂಡು ಎದ್ದರು, ಎಲ್ಲರೂ ಎದ್ದರು. ಡ್ರೈವರು ಓಡಿಹೋಗಿ ಜೀಪಿನ ಬಾಗಿಲು ತೆಗೆದ. ನಾನು ಜನರನ್ನು ತಳ್ಳಿಕೊಂಡು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಹಿಂದ್ಗಡೆ ಜಾಗ ಐತೆ ಸ್ವಾಮಿ. ನಮ್ಮತ್ತೇನ ಹಿರಿಯೂರು ಆಸ್ಪತ್ರಿ ತಂಕ ಕರ್ಕಂಡು ಹೋಗ್ರಿ."