ತೂತು ಬದಲಿಸುವ ವೈರು

ವಿಮೆ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಹಾಗಾಗಿ ಹಳೆಯ ಕಂಪ್ಯೂಟರಿನ ಸದ್ದು ನಿಂತುಹೋದಾಗ ನಾನು ವೈರಿಗಿಂತ ಹೆಚ್ಚಾಗಿ ಮನೆಯವರ ಮುಖ ನೋಡಿದೆ.

ಅಪ್ಪನಿಗೆ ಲಕ್ವ ಹೊಡೆದು ಬಲಗೈಯ ಜೊತೆ ಮಾತೂ ಹೋಗಿತ್ತು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಒಂದೇ ಕೂಗಿಗೆ ಸಾಲು ಬಸ್ಸುಗಳನ್ನು ಹೊರಡಿಸಿದ ಗಂಟಲಿನಿಂದ ಈಗ ‘ಊಂ’ ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ದಿನಾ ಅಭ್ಯಾಸ ಮಾಡಿಸದಿದ್ದರೆ ನಾಲಿಗೆ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಚಿಕ್ಕ ಮಕ್ಕಳಿಗೆ ಮಾತು ಕಲಿಸುವ ಪಾಠಗಳನ್ನು ನಾನೇ ಹುಡುಕಿ ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ಮೊಲವೊಂದು ಬಂದು, ‘ಪುಟ್ಟಾ, ಹೇಳು ನೋಡೋಣ, ಅಮ್ಮ’ ಎನ್ನುತ್ತಿತ್ತು. ಹೇಳಿದರೂ ಬಿಟ್ಟರೂ ಚಪ್ಪಾಳೆ ತಟ್ಟಿ ‘ಜಾಣಮರಿ’ ಎನ್ನುತ್ತಿತ್ತು. ಅಪ್ಪನನ್ನು ಮೇಜಿನ ಪಕ್ಕ ಕೂರಿಸಿ, ಅದನ್ನು ಹಚ್ಚಿಟ್ಟು, ನಾನು ಆಫೀಸಿಗೆ ಹೋಗುತ್ತಿದ್ದೆ.

ಒಂದು ಸಂಜೆ ಬಂದು ನೋಡಿದರೆ ಮೊಲ ಬಾಯಿ ಆಡಿಸುತ್ತಿದೆ, ಸದ್ದಿಲ್ಲ. ಮ್ಯೂಟ್ ಆಗಿರಲಿಲ್ಲ. ಸ್ಪೀಕರಿನ ದೀಪ ಉರಿಯುತ್ತಿತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಸೌಂಡಿನ ಸೆಟ್ಟಿಂಗನ್ನೆಲ್ಲ ಜಾಲಾಡಿದೆ. ಕೊನೆಗೆ ಟಾರ್ಚು ಹಿಡಿದು ಕಂಪ್ಯೂಟರಿನ ಡಬ್ಬದ ಹಿಂದೆ ಬಗ್ಗಿದರೆ, ಹಸಿರು ತೂತಿನಲ್ಲಿರಬೇಕಾದ ಸ್ಪೀಕರ್ ವೈರು ಪಕ್ಕದ ಗುಲಾಬಿ ತೂತಿನಲ್ಲಿ, ಮೈಕಿನ ಜಾಗದಲ್ಲಿ ಕೂತಿತ್ತು. ಕಳಚಿ ಬಿದ್ದಿದ್ದರೆ ಸುಮ್ಮನಿರುತ್ತಿದ್ದೆ. ಬಿದ್ದ ವೈರು ತಾನೇ ಎದ್ದು ಪಕ್ಕದ ಮನೆ ಸೇರುವುದಿಲ್ಲ.

ಸರಿಮಾಡಿದೆ. ಮರುದಿನ ಮತ್ತೆ ಗುಲಾಬಿ. ಅದರ ಮರುದಿನ ನೀಲಿ.

ಹಗಲು ಮನೆಯಲ್ಲಿರುವವರು ಅಪ್ಪ ಮತ್ತು ತಮ್ಮನ ಹೆಂಡತಿ. ಅವಳು ಪಕ್ಕದ ಕೋಣೆಯಲ್ಲಿ ಕೂತು ಒಂದು ಕಂಪನಿಯ ಗ್ರಾಹಕರ ಫೋನಿಗೆ ಉತ್ತರ ಕೊಡುತ್ತಾಳೆ. ಮಾತಿನ ನಡುವೆ ‘ಜಾಣಮರಿ’ ಕೇಳಿಸಿ ಗ್ರಾಹಕರೊಬ್ಬರು ರೇಗಿದ್ದರಂತೆ. ನನಗೆ ಇನ್ನೇನು ಬೇಕು?

“ಏನಮ್ಮ, ಕಂಪ್ಯೂಟರ್ ಹತ್ರ ಯಾರಾದ್ರೂ ಬಂದಿದ್ರಾ?”

“ನಾನಂತೂ ಮುಟ್ಟಿಲ್ಲ ಭಾವ.”

ನೀನು ಮುಟ್ಟಿದೆಯಾ ಎಂದು ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದುಕೊಂಡೆ. ವೈರಿನ ಮೇಲೆ ಟೇಪು ಅಂಟಿಸಿದೆ. ಸಂಜೆಗೆ ಅದು ಅಡ್ಡಾದಿಡ್ಡಿ ಕಿತ್ತುಬಂದಿತ್ತು. ಉಗುರಿನ ಕೆಲಸ. ಅವಳ ಉಗುರು ಉದ್ದ.

ಭಾನುವಾರ ಎಲ್ಲರನ್ನೂ ಅಪ್ಪನ ಮುಂದೆ ಸೇರಿಸಿ, ವೈರು ಸರಿಮಾಡಿ, ಮೊಲವನ್ನು ಹಚ್ಚಿ, ಕಿತ್ತ ಟೇಪನ್ನು ಮೇಜಿನ ಮೇಲಿಟ್ಟೆ.

“ಅಪ್ಪಂಗೆ ಮಾತು ಬರೋದು ಈ ಮನೇಲಿ ಯಾರಿಗೋ ಬೇಕಿಲ್ಲ,” ಅಂದೆ.

ಅವಳ ಮುಖ ಬಿಳುಚಿತು. “ಮಾವಂಗೆ ಊಟ ಮಾಡಿಸೋಳು ನಾನು. ನನಗ್ಯಾಕೆ ಬೇಡ ಆಗುತ್ತೆ?”

“ಮತ್ತೆ ವೈರಿಗೆ ಕಾಲು ಬಂತಾ?”

ತಮ್ಮ ಎದ್ದು ನಿಂತ. “ಅಣ್ಣ, ಇನ್ನೊಂದು ಮಾತಾಡಿದ್ರೆ ನಾವು ಬೇರೆ ಮನೆ ನೋಡ್ಕೋತೀವಿ.”

ಅಪ್ಪ ‘ಊಂ, ಊಂ’ ಎನ್ನತೊಡಗಿದರು.

“ನೀವು ಸುಮ್ನಿರಿ ಅಪ್ಪ. ನಿಮಗೋಸ್ಕರವೇ ಕೇಳ್ತಿರೋದು.”

ಅವಳ ಕಣ್ಣಿಂದ ನೀರಿಳಿಯಿತು. ನಾನು ಅದನ್ನೂ ನಂಬಲಿಲ್ಲ.

ಅಪ್ಪನ ಕುತ್ತಿಗೆಯ ನರ ಉಬ್ಬಿತು. ತುಟಿ ಒಂದು ಕಡೆಗೆ ಎಳೆಯಿತು.

“ನಾ,” ಅಂದರು. ಉಸಿರೆಳೆದುಕೊಂಡರು. “ನಾ...ನೇ.”

ಅಪ್ಪನ ಎಡಗೈ ಕುರ್ಚಿಯಿಂದ ಎದ್ದು, ಡಬ್ಬದ ಹಿಂದೆ ತಡಕಾಡಿ, ವೈರು ಕಿತ್ತಿತು. ‘ಪುಟ್ಟಾ’ ಎನ್ನುತ್ತಿದ್ದ ಮೊಲದ ದನಿ ಅರ್ಧಕ್ಕೇ ನಿಂತಿತು. ನಾವು ನೋಡುತ್ತಿದ್ದಂತೆಯೇ ಅದೇ ಕೈ ಕಾಣದ ತೂತು ಹುಡುಕಿ ವೈರನ್ನು ಸಿಕ್ಕಿದ್ದರಲ್ಲಿ ತುರುಕಿತು. ಇಷ್ಟು ದಿನ ನಾವು ಕೂರಿಸಿ ಆಡಿಸಿದ ಜಾಣಮರಿ, ಎಪ್ಪತ್ತು ದಾಟಿದ ಯಜಮಾನ, ನನ್ನನ್ನೇ ದಿಟ್ಟಿಸುತ್ತಿದ್ದರು.

“ನಿಜವಾಗ್ಲೂ ನೀವೇನಾ?” ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

“ನಾನೇ,” ಅಂದರು. ಈ ಸಲ ಸ್ಪಷ್ಟವಾಗಿ.

ತಮ್ಮ ಅಳುತ್ತ ಅವರ ಕಾಲ ಬಳಿ ಕೂತ. ಅವನ ಹೆಂಡತಿ ಸೆರಗಿನಿಂದ ಅಪ್ಪನ ಬಾಯಿ ಒರೆಸಿದಳು. ನನಗೆ ಹತ್ತಿರ ಹೋಗಲು ನಾಚಿಕೆಯಾಯಿತು. ತಿಂಗಳುಗಟ್ಟಲೆ ನಾನು ಕಾದಿದ್ದ ಮೊದಲ ಮಾತನ್ನು ಅಪ್ಪ ಆಡಿದ್ದು, ಅವಳನ್ನು ನನ್ನಿಂದ ಕಾಪಾಡುವುದಕ್ಕೆ.